ಮೊದಲ ನೂರು ಹಾಳೆ

ಮಿಷನ್ ತಾತನ ಹೆಂಡತಿಗೆ ಆ ದಿನ ಬೆಳಗಾದಾಗಿನಿಂದ ಒಂದೇ ಚಿಂತೆ: ಈ ಮನುಷ್ಯನ ಬಲಗೈಯಲ್ಲಿ ಮಧ್ಯಾಹ್ನದ ಊಟಕ್ಕೆ ಐದು ಬೆರಳೂ ಉಳಿದಿರುತ್ತವೋ ಇಲ್ಲವೋ.

ಬೀದಿಯವರೆಲ್ಲ ಅವನನ್ನು ಮಿಷನ್ ತಾತ ಅಂತಲೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಮಿಷನ್ ಓಡಿಸಿ ನಿವೃತ್ತನಾದವನು ಹಾಯಾಗಿ ಕಾಲು ಚಾಚಿಕೊಂಡು ಕೂತಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅದು ಕೂರುವ ಜಾಯಮಾನವಲ್ಲ. ಬಾಗಿಲು ಮುಚ್ಚಿದ ಪ್ರೆಸ್ಸುಗಳ ಮೂಲೆಯಲ್ಲಿ ತುಕ್ಕು ತಿನ್ನುತ್ತ ಬಿದ್ದಿರುವ ಟ್ರೆಡಲ್ ಮಿಷನ್ನುಗಳನ್ನು ಹುಡುಕಿ ತಂದು, ಮನೆ ಹಿಂದಿನ ಶೆಡ್ಡಿನಲ್ಲಿ ಬಿಚ್ಚಿ, ತಿಕ್ಕಿ, ಎಣ್ಣೆ ಕುಡಿಸಿ, ಮತ್ತೆ ಎದ್ದು ನಿಲ್ಲುವಂತೆ ಮಾಡುವುದು ಅವನ ಹುಚ್ಚು. ಇದು ಆರನೆಯದು. ಯಾವುದೋ ಹೋಟೆಲಿನ ಹಿತ್ತಿಲಲ್ಲಿ ಪಾತ್ರೆ ಒಣಗಿಸುವ ಸ್ಟ್ಯಾಂಡಾಗಿ ಬಾಳು ಸವೆಸುತ್ತಿತ್ತು. ಏಳು ತಿಂಗಳಲ್ಲಿ ಈ ಕಬ್ಬಿಣದ ಜೊತೆ ಆಡಿದಷ್ಟು ಮಾತನ್ನು ನನ್ನ ಜೊತೆ ನಲವತ್ತು ವರ್ಷದಲ್ಲೂ ಆಡಿಲ್ಲ ಎಂದು ಅವಳು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು. ಮಾತಿಗೆ ಸ್ವಲ್ಪ ಉಪ್ಪು ಖಾರ ಹಚ್ಚಿದ್ದಳು, ಪೂರ್ತಿ ಸುಳ್ಳೇನೂ ಅಲ್ಲ.

ಟ್ರೆಡಲ್ ಎಂದರೆ ಕಾಲಲ್ಲಿ ತುಳಿದು ಓಡಿಸುವ ಅಚ್ಚಿನ ಯಂತ್ರ. ಎದುರುಬದುರಾಗಿ ಎರಡು ಕಬ್ಬಿಣದ ಹಲಗೆಗಳು. ಒಂದರಲ್ಲಿ ಅಕ್ಷರ ಮೂಡಿಸುವ ಅಚ್ಚಿನ ಮೊಳೆ, ಇನ್ನೊಂದರ ಮೇಲೆ ಹಾಳೆ. ಅವೆರಡೂ ಬಾಯಿ ತೆರೆದಾಗ ಎಡಗೈ ಅಚ್ಚಾದ ಹಾಳೆಯನ್ನು ತೆಗೆಯಬೇಕು, ಬಲಗೈ ಹೊಸದನ್ನು ಇಡಬೇಕು, ಬಾಯಿ ಮುಚ್ಚುವುದರೊಳಗೆ ಎರಡೂ ಕೈ ಆಚೆ ಬಂದಿರಬೇಕು. ತಡವಾದರೆ ಮಿಷನ್ನಿಗೆ ಹಾಳೆಯೂ ಒಂದೇ, ಬೆರಳೂ ಒಂದೇ. ಇದು ಕಣ್ಣು ನೆಟ್ಟು ಮಾಡುವ ಕೆಲಸವಲ್ಲ. ಹಾಳೆ ತನ್ನ ಜಾಗಕ್ಕೆ ತಾಗಿತು ಎಂದು ಬೆರಳ ತುದಿ ಹೇಳಬೇಕು, ಹೇಳಿದ ಕೂಡಲೇ ಕೈ ಹೊರಡಬೇಕು.

ತಾತನ ಬೆರಳ ತುದಿಗಳು ಹೇಳುವುದನ್ನೇ ನಿಲ್ಲಿಸಿದ್ದವು. ಎರಡು ತಿಂಗಳ ಹಿಂದೆ ಉಗುರು ಕತ್ತರಿಸುತ್ತೇನೆಂದು ಅವನ ಕೈ ಹಿಡಿದಾಗ ತೋರುಬೆರಳಿನಲ್ಲಿ ಕಬ್ಬಿಣದ ಸಿಬಿರೊಂದು ಹೂತು ಕೀವು ಕಟ್ಟಿದ್ದು ಅವಳಿಗೆ ಕಂಡಿತು. ಸೂಜಿಯಲ್ಲಿ ಕೆದಕಿ ತೆಗೆದಳು. ರಕ್ತ ಬಂತು. ತಾತ ಇನ್ನೊಂದು ಕೈಯಲ್ಲಿ ಪೇಪರಿನ ಪುಟ ಮಗುಚಿ, "ಈರುಳ್ಳಿ ರೇಟು ಮತ್ತೆ ಏರಿದೆ ನೋಡು" ಅಂದ. ಸಕ್ಕರೆ ಕಾಯಿಲೆಯ ಡಾಕ್ಟರು ತಿಂಗಳು ತಿಂಗಳೂ ಇವನನ್ನು ಒಳಗೆ ಕೂರಿಸಿಕೊಂಡು ಏನು ಹೇಳುತ್ತಿದ್ದರು, ಇವನು ಆಚೆ ಬಂದು "ಎಲ್ಲ ಸರಿಯಿದೆಯಂತೆ" ಎಂದು ಯಾಕೆ ಹೇಳುತ್ತಿದ್ದ ಎಂಬುದು ಆಗ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ಶೆಡ್ಡು ತಪ್ಪಿದರೆ ಈ ಮನುಷ್ಯ ಮಂಚ ಹಿಡಿಯುತ್ತಾನೆ ಎಂಬ ಭಯ. ಅವನು ಬಚ್ಚಿಟ್ಟದ್ದನ್ನು ಇವಳೂ ಬಚ್ಚಿಟ್ಟಳು.

ಇಷ್ಟಾದರೂ ಇವತ್ತಿನದೊಂದು ಇರದಿದ್ದರೆ ಹೇಗೋ ದಿನ ತಳ್ಳಬಹುದಿತ್ತು. ಮಿಷನ್ನಿನವರಲ್ಲಿ ಒಂದು ಪದ್ಧತಿಯಿದೆ. ಯಂತ್ರ ಬಿಚ್ಚಿ ಕಟ್ಟಿದವನೇ ಮೊದಲ ನೂರು ಹಾಳೆಗಳನ್ನು ತನ್ನ ಕೈಯಾರೆ ಮಿಷನ್ನಿಗೆ ಕೊಡಬೇಕು. ಎಲ್ಲಾದರೂ ಒಂದು ನಟ್ಟು ಸಡಿಲ ಬಿಟ್ಟಿದ್ದರೆ ಅದರ ಫಲ ಅವನ ಬೆರಳೇ ಉಣ್ಣಲಿ, ಬೇರೆಯವರದ್ದಲ್ಲ ಎಂಬ ಲೆಕ್ಕ. ಹಿಂದಿನ ಐದಕ್ಕೂ ತಾತ ನೂರು ಹಾಳೆ ಕೊಟ್ಟಿದ್ದ. ಈ ಆರನೆಯದನ್ನು ಒಂದು ಹೆಣ್ಣುಮಕ್ಕಳ ಶಾಲೆಯವರು ಕೇಳಿದ್ದರು. ಅಲ್ಲಿನ ಕರಕುಶಲದ ಟೀಚರಮ್ಮ ಹತ್ತು ಗಂಟೆಗೆ ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಇನ್ನು ಕೇಳುವವನು ಗುಜರಿಯವನೊಬ್ಬನೇ.

"ರೀ, ಹಾಳೆ ನಾನೇ ಕೊಡ್ಲಾ?" ಎಂದು ಕಾಫಿ ಇಡುತ್ತಾ ಕೇಳಿದಳು. ಅವಳೂ ಅದೇ ಅಚ್ಚುಕೂಟದಲ್ಲಿ ಹಾಳೆ ಮಡಚುತ್ತಿದ್ದವಳು, ಮಿಷನ್ ಅವಳಿಗೆ ಹೊಸದಲ್ಲ.

"ಕಟ್ಟಿದ್ದು ಯಾರು?"

"ನೀವೇ. ಆದ್ರೆ ವಯಸ್ಸಾಯ್ತಲ್ಲ ಅಂತ."

"ಮಿಷನ್ನಿಗೆ ನನಗಿಂತ ವಯಸ್ಸಾಗಿದೆ. ಅದನ್ನ ಕೇಳು ಹೋಗು." ಲೋಟ ಕೆಳಗಿಟ್ಟ. "ನನ್ನ ಮಂಡಿ ನೋವು ನೋಡಿದ್ಯಲ್ಲ. ನೀನು ತುಳಿ, ನಾನು ಕೊಡ್ತೀನಿ."

ಹೀಗೆ ಅವನ ಕೈ ತಿನ್ನಬಹುದಾದ ಯಂತ್ರವನ್ನು ಓಡಿಸುವ ಕೆಲಸ ಅವಳ ಕಾಲಿಗೇ ಬಂತು. ಒಲ್ಲೆ ಎನ್ನಬಹುದಿತ್ತು, ಆಗ ಅವನು ಕುಂಟುತ್ತಲೇ ತಾನೇ ತುಳಿಯುತ್ತಿದ್ದ. ಕಾಲು ತನ್ನದಾದರೆ ವೇಗವಾದರೂ ತನ್ನ ಹಿಡಿತದಲ್ಲಿರುತ್ತದೆ ಎಂದು ಒಪ್ಪಿಕೊಂಡಳು.

ಟೀಚರಮ್ಮ ಹೇಳಿದ ಹೊತ್ತಿಗೇ ಬಂದರು. ಮಿಷನ್ನಿನ ಸುತ್ತ ಒಂದು ಸುತ್ತು ಬಂದು, ಹೊಳೆಯುವ ಗಾಲಿಯನ್ನು ಮುಟ್ಟಿ, ಮೂಲೆಯ ಸ್ಟೂಲಿನ ಮೇಲೆ ಕೂತರು. ತಾತ ರೋಲರಿಗೆ ಕಪ್ಪು ಶಾಯಿ ಹಚ್ಚಿ, ತೋಳು ಮಡಚಿ, ಹೆಂಡತಿಯ ಕಡೆ ತಲೆಯಾಡಿಸಿದ. ಅವಳು ಪೆಡಲ್ ಮೇಲೆ ಕಾಲಿಟ್ಟಳು.

ಒಂದು. ಎರಡು. ಮೂರು. ತಾತ ಬಾಯಲ್ಲಿ ಎಣಿಸುತ್ತಿದ್ದ. ಅವಳ ಕಣ್ಣು ಅವನ ಬಲಗೈ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಕೈ ಒಳಗೆ, ಕೈ ಆಚೆ. ಪ್ರತಿ ಸಲ ಆಚೆ ಬಂದಾಗ ಅವಳು ಉಸಿರು ಬಿಡುತ್ತಿದ್ದಳು. ಇಪ್ಪತ್ತಾಯಿತು.

"ಸ್ವಲ್ಪ ಜೋರಾಗಿ ತುಳಿ. ಟೀಚರಮ್ಮನಿಗೆ ನಿದ್ದೆ ಬರುತ್ತೆ."

"ಇಷ್ಟೇ ಆಗೋದು ನನ್ನ ಕೈಲಿ."

"ಕೈಲಿ ಯಾರು ತುಳಿ ಅಂದ್ರು?"

ಟೀಚರಮ್ಮ ನಕ್ಕರು. ಅವಳಿಗೆ ನಗು ಬರಲಿಲ್ಲ. ಒಮ್ಮೆ ತಿರುಗಿದ ಗಾಲಿ ತನ್ನ ಭಾರಕ್ಕೆ ತಾನೇ ವೇಗ ಹಿಡಿಯುತ್ತದೆ, ಎಷ್ಟೆಂದು ತಡೆಹಿಡಿದಾಳು. ಮೂವತ್ತು. ನಲವತ್ತು. ತಾತನ ಮುಖದಲ್ಲಿ ಹಳೆಯ ಕಳೆ ಬಂದಿತ್ತು, ನೋಡಲು ಚೆಂದವಿತ್ತು, ಅದನ್ನು ಕಂಡು ಅವಳಿಗೆ ಇನ್ನಷ್ಟು ಸಂಕಟವಾಯಿತು. ಐವತ್ತಮೂರರಲ್ಲಿ ಕೈ ಒಂದು ಚೂರು ತಡವಾದಂತೆ ಕಂಡಿತು. ಹಾಳೆ ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿ ಕೆಳಗಿಳಿಯಿತು, ಕೈ ಆಚೆ ಬಂತು. ಅವನ ಮುಖ ಹಾಗೇ ಇತ್ತು. ತಪ್ಪಿತು ಎಂದುಕೊಂಡಳು. ಐವತ್ತನಾಲ್ಕು, ಐವತ್ತೈದು, ಐವತ್ತಾರು. ಆಗ ಹಾಳೆಯ ಅಂಚಿನ ಮೇಲೆ ಅವಳ ಕಣ್ಣು ಬಿತ್ತು, ಪೆಡಲನ್ನು ಬಲವಾಗಿ ಒತ್ತಿ ಹಿಡಿದಳು. ಗಾಲಿ ನರಳಿ, ಮಿಷನ್ ಬಾಯಿ ತೆರೆದುಕೊಂಡೇ ನಿಂತಿತು.

"ಯಾಕೇ ನಿಲ್ಲಿಸ್ದೆ? ಇನ್ನೂ ನಲವತ್ತನಾಲ್ಕು ಇದೆ."

ಅವಳು ಹಾಳೆಗಳ ಕಡೆ ಬೆರಳು ತೋರಿಸಿದಳು. ಟೀಚರಮ್ಮ ಎದ್ದು ಬಂದು ಅಚ್ಚಾದ ಹಾಳೆಗಳನ್ನು ಕೈಗೆತ್ತಿಕೊಂಡರು. ಮೇಲಿನ ಮೂರರ ಅಂಚಿನಲ್ಲಿ ಕೆಂಪು ಕಲೆಗಳಿದ್ದವು. ತಾತ ಇಣುಕಿ ನೋಡಿದ.

"ರೋಲರ್ ಸರಿಯಾಗಿ ಒರೆಸು ಅಂತ ಬಡ್ಕೊಂಡೆ. ಹಳೇ ಕೆಂಪು ಶಾಯಿ ಉಳಿಸಿದ್ದೀಯ ನೋಡು."

ಆ ಶೆಡ್ಡಿನಲ್ಲಿ ಕೆಂಪು ಶಾಯಿಯ ಡಬ್ಬಿಯೇ ಇರಲಿಲ್ಲ.

"ತಾತ," ಎಂದರು ಟೀಚರಮ್ಮ ಮೆಲ್ಲಗೆ, "ನಿಮ್ಮ ಬೆರಳು."

ಅವನು ಕೈ ಎತ್ತಿ ನೋಡಿಕೊಂಡ. ನಡುಬೆರಳಿನ ತುದಿಯ ಚರ್ಮ ಉಗುರಿನ ಪಕ್ಕ ಹರಿದು ತೊಟ್ಟಿಕ್ಕುತ್ತಿತ್ತು. ಬೇರೆ ಯಾರದೋ ಬೆರಳನ್ನು ತನ್ನ ಕೈಗೆ ಕಟ್ಟಿದ್ದಾರೇನೋ ಎಂಬಂತೆ ನೋಡಿದ. ಅವಳು ಸೆರಗಿನ ತುದಿಯಿಂದ ಅದನ್ನು ಬಿಗಿಯಾಗಿ ಒತ್ತಿ ಹಿಡಿದಳು.

ಟೀಚರಮ್ಮ ಹಾಳೆಗಳನ್ನು ಕೆಳಗಿಟ್ಟರು. "ನೀವು ಬೇಜಾರು ಮಾಡ್ಕೋಬಾರದು. ಇಷ್ಟು ಅನುಭವ ಇರೋ ನಿಮಗೇ ಹೀಗೆ ಮಾಡೋ ಮಿಷನ್ನನ್ನ ನಾನು ಹೆಣ್ಣುಮಕ್ಕಳ ಮುಂದೆ ಹೇಗೆ ಇಡ್ಲಿ? ಎಲ್ಲೋ ಏನೋ ಸರಿಯಾಗಿ ಕೂತಿಲ್ಲ ಅನ್ಸುತ್ತೆ."

ತಾತನಿಗೆ ಅಲ್ಲಿ ಒಂದು ಸುಲಭದ ದಾರಿ ಇತ್ತು. ಹೌದಮ್ಮ, ಹಳೇ ಮಿಷನ್, ಏನೋ ಕೈಕೊಟ್ಟಿತು ಎಂದು ತಲೆಯಾಡಿಸಿದ್ದರೆ ಮಾನ ಉಳಿಯುತ್ತಿತ್ತು, ಮಿಷನ್ ಗುಜರಿಗೆ ಹೋಗುತ್ತಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹಾಗೆ ಅಂದುಬಿಡಲಿ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು. ತಾತ ಟೀಚರಮ್ಮನ ಕಡೆ ತಿರುಗಿದ.

"ಮಿಷನ್ನಿಂದ ಒಂದು ಕೂದಲೆಳೆ ತಪ್ಪಿಲ್ಲಮ್ಮ. ನನ್ನ ಕೈಯೇ ಸರಿಯಿಲ್ಲ. ಒಂದು ವರ್ಷದಿಂದ ಈ ಬೆರಳುಗಳಿಗೆ ಏನೂ ಗೊತ್ತಾಗಲ್ಲ. ಡಾಕ್ಟರು ಬೇಡ ಅಂದಿದ್ರು. ನಾನು ಯಾರಿಗೂ ಹೇಳ್ಲಿಲ್ಲ, ಇವಳಿಗೂ ಹೇಳ್ಲಿಲ್ಲ." ಎಡಗೈಯನ್ನು ಮಿಷನ್ನಿನ ಮೇಲಿಟ್ಟ. "ಅದರ ಮೇಲೆ ಅಪವಾದ ಹಾಕ್ಬೇಡಿ. ಉಳಿದ ಹಾಳೆ ಇವಳು ಕೊಡ್ತಾಳೆ, ನೀವೇ ನೋಡಿ."

ಅವಳು ಕೊಟ್ಟಳು. ಟೀಚರಮ್ಮ ತಾವೇ ತುಳಿದರು. ತಾತ ಕೈಗೆ ಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತು ಎಣಿಸಿದ, ಒಂದು ಹಾಳೆಗೂ ಕಲೆಯಾಗಲಿಲ್ಲ. ಮಿಷನ್ನಿನ ಮುಂದೆ ಬೆರಳು ಸಿಕ್ಕಿಕೊಳ್ಳದ ಹಾಗೆ ಒಂದು ತಡೆಪಟ್ಟಿ ಹಾಕಿಸಿ ಇಡಿ, ಬರುವ ವಾರ ಗಾಡಿ ತರುತ್ತೇನೆ ಎಂದು ಹೇಳಿ ಅವರು ಹೊರಟರು.

ಆಮೇಲೆ ಅವಳು ಬಿಸಿನೀರು ತಂದು ಗಾಯ ತೊಳೆಯತೊಡಗಿದಳು.

"ನೀನು ಗಾಬರಿ ಆಗ್ಲಿಲ್ಲ," ಅಂದ ತಾತ. "ನಿನಗೆ ಮೊದಲೇ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ಸಿಬಿರು ತೆಗೆದ ದಿನ ಖಾತ್ರಿ ಆಯ್ತು, ಅನುಮಾನ ಮೊದಲೇ ಇತ್ತು. ರಸ್ತೆ ದಾಟೋವಾಗ ನನ್ನ ಕೈ ಹಿಡ್ಕೊತೀರಲ್ಲ. ಒಂದು ವರ್ಷದಿಂದ ನೋಯೋ ಹಾಗೆ ಹಿಡೀತಿದ್ದೀರಿ. ಎಷ್ಟು ಬಿಗಿ ಅಂತ ನಿಮಗೇ ಗೊತ್ತಾಗ್ತಿರ್ಲಿಲ್ಲ."

ತಾತ ತಲೆ ತಗ್ಗಿಸಿದ. "ನೋಯುತ್ತೆ ಅಂತ ಹೇಳೋದಲ್ವೇನೇ?"

ಅವಳು ಬಟ್ಟೆಯ ಗಂಟು ಬಿಗಿದು, ತುದಿ ಕತ್ತರಿಸಿದಳು.

"ಹೇಳಿದ್ರೆ ನೀವು ಹಿಡ್ಕೊಳ್ಳೋದೇ ಬಿಟ್ಬಿಡ್ತಿದ್ರಿ," ಅಂದಳು.