ಮುಂದೆ ಕೆಂಪು ಸೀರೆ, ಹಿಂದೆ ಹೊಳೆಪ್ಪನ ಮೋಟಾರು

ಮುಧೋಳದ ಹೊಳೆಪ್ಪನ ಮೋಟಾರು ಹತ್ತುವವರಿಗೆ ಒಂದು ಮಾತು ಗೊತ್ತಿರಬೇಕಿತ್ತು. ಚಳಿಗಾಲದಲ್ಲಿ ‘ಲಗೂ ನಡಸು’ ಅಂತ ಅವಸರ ಮಾಡಿದವನೇ ಕೆಳಗಿಳಿದು ಮೋಟಾರಿನ ಮುಂದೆ ನಡೆಯಬೇಕು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿತ್ತು, ರಾಜರ ಕಾಯಿದೆಗಳೆಲ್ಲ ಬದಲಾಗಿದ್ದವು, ಹೊಳೆಪ್ಪನ ಕಾಯಿದೆ ಮಾತ್ರ ಹಾಗೇ ಇತ್ತು.

ಅದಕ್ಕೆ ಕಾರಣವೂ ಇತ್ತು. ಬನಹಟ್ಟಿಯಿಂದ ಮುಧೋಳಕ್ಕೆ ಬರುವ ಬೆಳಗಿನ ಬಸ್ ಸರ್ವಿಸು ಅವನದು. ಥಂಡಿ ದಿನಗಳಲ್ಲಿ ಮಂಜು ಕವಿದರೆ ಮೂಗಿನ ತುದಿ ಕಾಣುತ್ತಿರಲಿಲ್ಲ. ಅದೇ ರಸ್ತೆಯಲ್ಲಿ ಕಬ್ಬಿನ ಗಾಡಿಗಳು. ನಮ್ಮ ಕಡೆಯ ಗಾಡಿಯವರೋ, ಕಂಬಳಿ ಹೊದ್ದು ಮಲಗಿದರೆ ಮುಗಿಯಿತು; ದಾರಿ ಎತ್ತಿಗೆ ಗೊತ್ತು, ಕಂದೀಲಿನ ಗೊಡವೆ ಯಾರಿಗೆ ಬೇಕು? ಹಾರ್ನ್ ಹೊಡೆದರೆ ಎತ್ತುಗಳು ಬೆದರಿ ಗಾಡಿಯನ್ನೇ ರಸ್ತೆಗೆ ಅಡ್ಡ ಎಳೆಯುತ್ತಿದ್ದವು. ಆದ್ದರಿಂದ ಒಬ್ಬನನ್ನು ಮುಂದೆ ನಡೆಸಿ, ಅವನ ಹಿಂದೆ ಮೆಲ್ಲಗೆ ಮೋಟಾರು ತರುವುದು. ಮೊದಲ ವರ್ಷ ಬಿಳಿ ಧೋತರ, ಬಿಳಿ ರುಮಾಲಿನವನನ್ನೇ ಮುಂದೆ ಬಿಟ್ಟ. ಮಂಜಿನಲ್ಲಿ ಬಿಳಿ ಬಟ್ಟೆಯವನು ಕಾಣುತ್ತಾನೆಯೇ? ಇನ್ನೇನು ಅವನ ಮೇಲೇ ಹೋಗುವುದಿತ್ತು, ಪುಣ್ಯಕ್ಕೆ ಹಾರಿ ತಗ್ಗಿಗೆ ಬಿದ್ದ. ಮರುದಿನವೇ ಹೊಳೆಪ್ಪ ಬನಹಟ್ಟಿಯ ನೇಕಾರರ ಮನೆಯಿಂದ ಒಂದು ಕೆಂಪು ಸೀರೆ ತಂದು ಸೀಟಿನಡಿ ಇಟ್ಟ. ಮುಂದೆ ನಡೆಯುವವನು ಯಾರೇ ಇರಲಿ, ಅದನ್ನು ಹೊದ್ದೇ ನಡೆಯಬೇಕು.

ಹಾಗೆ ಹೊದ್ದು ನಡೆದದ್ದರಲ್ಲಿ ದೊಡ್ಡ ಪಾಲು ದತ್ತಾತ್ರೇಯರದು. ಮುಧೋಳ ಕೋರ್ಟಿನ ಗುಮಾಸ್ತರು, ತೂಕದ ಆಸಾಮಿ, ಸೋಮವಾರ ಸೋಮವಾರ ಬನಹಟ್ಟಿಯಲ್ಲಿ ಹತ್ತುವವರು, ಬಾಯಿ ಸುಮ್ಮನಿರದವರು. “ತಡಾ ಆದ್ರ ಸಾಹೇಬರು ಬೈತಾರ, ಲಗೂ ನಡಸೋ ಹೊಳೆಪ್ಪಾ” ಎನ್ನುವರು. “ಹಂಗಾರ ಇಳೀರಿ” ಎನ್ನುವನು ಇವನು. ಮೋಟಾರಿನ ತುಂಬ ನಗೆ. ಹೊಳೆಪ್ಪನಿಗೂ ಒಳಗೊಳಗೇ ಖುಷಿ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ಅವನು ಗಾಲಿ ತಾಗಿಸಿರಲಿಲ್ಲ.

ಹೀಗಿರಲು ಒಂದು ಸೋಮವಾರ, ಮೋಟಾರು ಇನ್ನೂ ಬನಹಟ್ಟಿ ಬಿಡುವ ಮೊದಲೇ, ಮುಧೋಳದಿಂದ ಬಂದ ಲಾರಿಯವನು ಸುದ್ದಿ ತಂದ. “ನಿನ್ನ ಮಗಳಿಗೆ ಬ್ಯಾನಿ ಸುರು ಆಗ್ಯಾವಂತ. ಕೂಸು ಅಡ್ಡ ತಿರಗೈತಂತ. ಲಗೂ ಬಾ ಅಂದಾರ.” ಲಗಮವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಒಬ್ಬಳೇ ಮಗಳು. ಹೊಳೆಪ್ಪ ಮಂದಿಯನ್ನು ಅವಸರದಿಂದ ಹತ್ತಿಸಿಕೊಂಡು ಮೋಟಾರು ಬಿಟ್ಟ.

ಮಹಾಲಿಂಗಪುರ ದಾಟುತ್ತಲೇ ಮಂಜು ಕವಿಯಿತು. ದತ್ತಾತ್ರೇಯರು ಎಂದಿನಂತೆ ಸೀರೆಗೆ ಕೈ ಹಾಕಿದರು.

“ಬ್ಯಾಡ್ರೀ, ಕುಂದರ್ರಿ. ಇವತ್ತ ಹಂಗೇ ಹೊಡೀತೇನಿ” ಎಂದ ಹೊಳೆಪ್ಪ.

“ಹೊಡಿಯೋ, ಮಗಳ ಜೀವಕಿಂತ ಹೆಚ್ಚಿಂದೇನೈತಿ” ಎಂದರು ಉಳಿದವರೂ.

ಅವನು ಗೇರು ಹಾಕಿದ. ದತ್ತಾತ್ರೇಯರು ಆ ಕೈಯನ್ನೇ ಹಿಡಿದುಕೊಂಡರು. “ಕಾಯ್ದಿ ಅಂದ್ರ ಕಾಯ್ದಿ. ಇಷ್ಟ ದಿವಸ ನನ್ನ ನಡಸೀದಿ. ಇವತ್ತ ನಾ ಓಡ್ತೇನಿ, ನೀ ಬೆನ್ನ ಹತ್ತಿ ಬಾ.”

ಯಾರೂ ನಗಲಿಲ್ಲ. ಹೊಳೆಪ್ಪನಿಗೆ ಸಿಟ್ಟು ಬಂತು, ಅಳುವೂ ಬಂತು. ಆದರೂ ಅವರನ್ನು ಇಳಿಯಲು ಬಿಟ್ಟ.

ಆ ದೇಹ ಹೊತ್ತು ಗುಮಾಸ್ತರು ಖರೆಯೇ ಓಡಿದರು. ಅವರಿಗೆ ಏದುಸಿರು ಬಂದಾಗ ಇನ್ನೊಬ್ಬ ಸೀರೆ ಹೊದ್ದು ಓಡಿದ, ಆಮೇಲೆ ಮತ್ತೆ ಗುಮಾಸ್ತರೇ. ರನ್ನ ಬೆಳಗಲಿ ದಾಟಿ ಸ್ವಲ್ಪ ದೂರ ಬಂದಿರಬೇಕು, ಕೆಂಪು ಸೀರೆ ಗಕ್ಕನೆ ನಿಂತು ಎರಡೂ ಕೈ ಮೇಲೆತ್ತಿತು. ಹೊಳೆಪ್ಪ ಬ್ರೇಕು ಒತ್ತಿ, ಇಳಿದು ಓಡಿದ.

ರಸ್ತೆಗೆ ಅಡ್ಡವಾಗಿ ಗಾಲಿ ಮುರಿದ ಗಾಡಿ. ಎತ್ತು ಹಿಡಿದು ನಿಂತವನು ಅವನ ಹೆಂಡತಿಯ ತಮ್ಮ ಗುರಪ್ಪ. ಗಾಡಿಯೊಳಗೆ ಕಂಬಳಿ ಹೊದ್ದು ಕೂತವಳು ಬೆಳಗಲಿಯ ಸೂಲಗಿತ್ತಿ ಮರೆವ್ವ. ಅಡ್ಡ ತಿರುಗಿದ ಕೂಸನ್ನು ಕೈಯಿಂದ ನೇರ ಮಾಡಬಲ್ಲವಳು ಆ ಸುತ್ತಿನಲ್ಲಿ ಅವಳೊಬ್ಬಳೇ.

“ಯಾಕ ಕಂಬದಂಗ ನಿಂತಿ?” ಎಂದು ಮುದುಕಿ ಗದರಿದಳು. “ನಿನ್ನ ಮಗಳ ಸಲುವಾಗೇ ಹೊಂಟೇನಿ. ಇಳಿಸ್ಕೋ ನನ್ನ.”

ಹೊಳೆಪ್ಪ ಅವಳನ್ನು ಎತ್ತಿ ತಂದು ತನ್ನ ಮಗ್ಗುಲಲ್ಲೇ ಕೂರಿಸಿದ. ಜನ ಸೇರಿ ಗಾಡಿಯನ್ನು ಬದಿಗೆ ತಳ್ಳಿದರು. ಮುಧೋಳದ ತನಕ ಗುಮಾಸ್ತರು ಮುಂದೆ, ಮೋಟಾರು ಹಿಂದೆ.

ಮಂಜು ಕರಗಿ ಬಿಸಿಲು ನೆತ್ತಿಗೇರುವ ಹೊತ್ತಿಗೆ ಹೊಳೆಪ್ಪನ ಮನೆಯೊಳಗಿನಿಂದ ಕೂಸಿನ ಅಳು ಕೇಳಿತು. ತಾಯಿ, ಕೂಸು ಇಬ್ಬರೂ ಅರಾಮ ಎಂದು ಹೆಂಡತಿ ಬಂದು ಹೇಳಿದಳು. ಕಟ್ಟೆಯ ಮೇಲೆ ಕೂತಿದ್ದ ಹೊಳೆಪ್ಪ ಸಂತೋಷದಿಂದ ಅತ್ತುಬಿಟ್ಟ. ಪಕ್ಕದಲ್ಲಿ ದತ್ತಾತ್ರೇಯರು ಕಾಲು ನೀವಿಕೊಳ್ಳುತ್ತಿದ್ದರು. ಕೋರ್ಟು ಶುರುವಾಗಿ ಎಷ್ಟೋ ಹೊತ್ತಾಗಿತ್ತು, ಅವರು ಹೋಗಿರಲಿಲ್ಲ.

“ನೀವು ಕೈ ಹಿಡೀಲಿಲ್ಲಂದ್ರ, ಮರೆವ್ವನ ಮ್ಯಾಲ ನಾನ ಮೋಟಾರ ಹಾಯಿಸ್ತಿದ್ದೆ” ಎಂದ.

“ಗೊತ್ತದ, ಸುಮ್ಮನಿರು” ಎಂದರು ದತ್ತಾತ್ರೇಯರು. ಕೆಂಪು ಸೀರೆಯನ್ನು ಮಡಚಿ ಅವನ ಕೈಗಿಟ್ಟರು.