ಅತ್ತೆಯ ಕಣ್ಣು, ಅಳಿಯನ ಬಲ್ಬು

ಮೂವತ್ತು ವರ್ಷ ಕಚೇರಿಯಲ್ಲಿ ಸವೆದು ಮನೆಗೆ ಬಂದ ನಮ್ಮ ಪಕ್ಕದ ಮನೆಯ ಹೆಡ್ ಕ್ಲಾರ್ಕರಿಗೆ ಒಂದು ನಂಬಿಕೆ. ತಾವು ಪರಿಶೀಲಿಸಿ ಸಹಿ ಹಾಕಿದ್ದು ಕೆಡುವಂತಿಲ್ಲ. ಅತ್ತೆಯ ಕೋಣೆಗೆ ಹೊಸ ಬಲ್ಬು ಹಾಕಿದಾಗಲೂ ಅದರ ಕುತ್ತಿಗೆಯ ಮೇಲೆ ತಾರೀಖು ಬರೆದು, ಪುಟ್ಟ ಸಹಿ ಮಾಡಿಯೇ ಸ್ಟೂಲಿನಿಂದ ಇಳಿದಿದ್ದರು.

ಅತ್ತೆ ಎಪ್ಪತ್ತೆರಡರಲ್ಲೂ ಪೇಟೆಯ ದರ್ಜಿಗೆ ಅಂಗಿಗಳ ಗುಂಡಿ ತೂರುವ ಕಾಜಾ ಹೊಲಿದುಕೊಡುವವರು. ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಆಸ್ಪತ್ರೆ ಹುಡುಕಿದ್ದು ಅಳಿಯನಾದ್ದರಿಂದ, ಆಪರೇಷನ್ನನ್ನು ತಾವೇ ಮಾಡಿದವರಂತೆ ಅವರು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದರು.

ಆದರೆ ವಾರದಿಂದ, ಸಂಜೆ ಸೂಜಿ ಹಿಡಿದು ಕೂತ ಸ್ವಲ್ಪ ಹೊತ್ತಿಗೆ ಅತ್ತೆಗೆ ಎಲ್ಲ ಕತ್ತಲಾಗುತ್ತಿತ್ತು. ಎರಡು ಕ್ಷಣ, ಮತ್ತೆ ಬೆಳಕು. "ದೀಪ ಏನಾದ್ರೂ..." ಎಂದು ಅನುಮಾನಿಸಿದಾಗ ಅಳಿಯ ಮಟಮಟ ಮಧ್ಯಾಹ್ನ ಬಂದು ಸ್ವಿಚ್ಚು ಒತ್ತಿದರು.

"ನಾಲ್ಕು ಸಲ ಹಾಕಿದೆ, ನಾಲ್ಕು ಸಲಾನೂ ಉರೀತು. ದೀಪ ಸರಿಯಾಗಿದೆ ಅತ್ತೆ. ಕಣ್ಣನ್ನೇ ತೋರಿಸಬೇಕು."

ಅತ್ತೆ ಕುಗ್ಗಿಹೋದರು. "ಈ ಎಂಟು ಅಂಗಿ ಮುಗಿಸಿ ಕೊಟ್ಟುಬಿಡ್ತೀನಿ ಕಣೇ," ಎಂದರು ಮಗಳಿಗೆ. "ಇನ್ನು ದರ್ಜಿ ಹತ್ರ ಬಟ್ಟೆ ತರೋದು ಬೇಡ. ಕಾಜಾ ವಾರೆಯಾದ್ರೆ ನನ್ನ ಮಾನ ಹೋಗುತ್ತೆ."

ಮರುದಿನ ಸಂಜೆ ದೀಪ ಹಾಕಿಕೊಂಡು ಹೆಡ್ ಕ್ಲಾರ್ಕರು ಅತ್ತೆಯ ಕುರ್ಚಿಯಲ್ಲೇ ಕೂತು ಆಸ್ಪತ್ರೆಯ ಕಾಗದಗಳನ್ನು ಜೋಡಿಸುತ್ತಿದ್ದರು. ಅರ್ಧ ಗಂಟೆ ಕಳೆದಿರಬೇಕು.

"ಅಯ್ಯೋ! ನನ್ನ ಕಣ್ಣು!"

"ನಿಮಗೂ ಶುರುವಾಯ್ತಾ ಅಳಿಯಂದ್ರೇ?" ಮಂಚದ ಮೇಲಿದ್ದ ಅತ್ತೆ ಗಾಬರಿಯಾದರು.

"ನನಗೂ ಕಾಣ್ತಿಲ್ಲ," ಬಾಗಿಲಲ್ಲಿ ಟವೆಲ್ ಮಡಿಸುತ್ತಿದ್ದ ಹೆಂಡತಿ ತಣ್ಣಗೆ ಹೇಳಿದರು. ಅಷ್ಟರಲ್ಲಿ ಬೆಳಕು ಬಂತು. "ಮೂರು ಜನಕ್ಕೂ ಒಟ್ಟಿಗೇ ಪೊರೆ ಬರುತ್ತೇನ್ರೀ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಟ್ಟಿದ್ದು ತಮ್ಮ ಕಣ್ಣಲ್ಲ ಎಂಬ ನೆಮ್ಮದಿಯ ಕಣ್ಣೀರು ಅದು.

ಮುಂದಿನ ತನಿಖೆ ಹೆಂಡತಿಯದು. ಸ್ವಿಚ್ಚು ಆರಿಸಿ, ಬಲ್ಬುಗಳು ತಣಿದ ಮೇಲೆ, ಸಹಿಯ ಬಲ್ಬನ್ನು ನಡುಮನೆಗೂ ನಡುಮನೆಯದನ್ನು ಈ ಕೋಣೆಗೂ ಹಾಕಿಸಿದರು. ಸಹಿಯ ಬಲ್ಬು ಅಲ್ಲಿ ಕದಲದೆ ಉರಿಯಿತು.

"ನೋಡಿದ್ಯಾ, ನನ್ನ ಬಲ್ಬಿನ ತಪ್ಪಿಲ್ಲ!"

"ಅಮ್ಮನ ಕಣ್ಣಿಂದೂ ಇಲ್ಲ. ಅದನ್ನ ಮೊದಲು ಹೇಳಿ."

ಅತ್ತೆಯ ಕೋಣೆಯಲ್ಲಿ ನಡುಮನೆಯ ಬಲ್ಬು ಅರ್ಧ ಗಂಟೆಗೆ ಕಣ್ಣು ಮಿಟುಕಿಸಿತು. ಅಲ್ಲಿಗೆ ತಪ್ಪು ಬಲ್ಬು ಸಿಕ್ಕಿಸುವ ಹೋಲ್ಡರಿನದೇ ಇರಬೇಕು. ಮಾರನೆಯ ಬೆಳಿಗ್ಗೆ ಬಂದ ಎಲೆಕ್ಟ್ರಿಷಿಯನ್ ಮೇನ್ ಆರಿಸಿ ಅದನ್ನು ಬಿಚ್ಚಿದ. ಒಳಗೆ ಬಲ್ಬಿಗೆ ತಾಗುವ ಎರಡು ಸ್ಪ್ರಿಂಗ್ ಕಡ್ಡಿಗಳಲ್ಲಿ ಒಂದು ಸುಟ್ಟು ಕರ್ರಗಾಗಿ, ಮೇಲೇಳದೆ ಕೂತಿತ್ತು.

"ಬಿಸಿಯಾದ ಮೇಲೆ ಕೈ ಕೊಡುತ್ತೆ ಸಾರ್. ಸ್ವಿಚ್ಚು ಒತ್ತಿ ನೋಡಿದ್ರೆ ಗೊತ್ತಾಗಲ್ಲ, ಕೂತು ನೋಡಬೇಕು."

ಹೆಡ್ ಕ್ಲಾರ್ಕರು ಅಗತ್ಯಕ್ಕಿಂತ ಜೋರಾಗಿ ಕೆಮ್ಮಿದರು.

ಹೊಸ ಹೋಲ್ಡರ್ ಕೂತಿತು. ಅಂದು ಸಂಜೆ ಅತ್ತೆ ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದರು. ಗಂಟೆ ಕಳೆದರೂ ಬೆಳಕು ಅಲುಗಲಿಲ್ಲ. ಎಂಟನೆಯ ಅಂಗಿ ಮಡಿಸುವ ಹೊತ್ತಿಗೆ ಅಳಿಯ ಪೆನ್ನು ಹಿಡಿದು ಸ್ಟೂಲ್ ಹತ್ತುತ್ತಿದ್ದರು.

"ಮತ್ತೇನ್ರೀ?"

"ಹೋಲ್ಡರಿಗೆ ತಾರೀಖು."

"ಇಳೀರಿ ಸಾಕು."

"ಇಳಿದು ಹಾಗೇ ದರ್ಜಿ ಅಂಗಡಿಗೆ ಹೋಗಿಬನ್ನಿ ಅಳಿಯಂದ್ರೇ," ಅತ್ತೆ ಅಂಗಿಗಳ ಗಂಟು ಚಾಚಿದರು. "ಇದನ್ನ ಕೊಟ್ಟು, ಇನ್ನೂ ಹತ್ತು ಅಂಗಿ ಇಸ್ಕೊಂಡು ಬನ್ನಿ."