ಕೆನಡಾದ ಎಲೆಕ್ಷನ್ನೂ ನಮ್ಮ ಭಾವನ ಫ್ಲೆಕ್ಸೂ

ಕೆನಡಾದಲ್ಲಿ ನರ್ಸ್ ಆಗಿರುವ ಅಕ್ಕನ ಮಗಳು ಅಲ್ಲಿನ ಒಂದು ಪ್ರಾಂತ್ಯದ ಶಾಸನಸಭೆಗೆ ನಿಂತಿದ್ದಾಳೆ ಎಂಬ ಸುದ್ದಿ ಬಂದ ದಿನವೇ ನಮ್ಮ ಭಾವ ಅರಸೀಕೆರೆಗೆ ಹೋಗಿ ಫ್ಲೆಕ್ಸ್ ಮಾಡಿಸಿಕೊಂಡು ಬಂದರು. ಅದರಲ್ಲಿ ಭಾವ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ಅಳಿಯ. ಅಭ್ಯರ್ಥಿ ಮಾತ್ರ ಮೇಲಿನ ಮೂಲೆಯಲ್ಲಿ, ಪಾಸ್‌ಪೋರ್ಟ್ ಅಳತೆಯಲ್ಲಿ ಇದ್ದಳು. ಹಾರನಹಳ್ಳಿ ರಸ್ತೆಯ ನಮ್ಮೂರ ಬಸ್‌ಸ್ಟಾಪಿನಲ್ಲಿ ಅದನ್ನು ಕಟ್ಟಿಸಿದರು. ಇಲ್ಲಿ ಬಸ್ಸಿಗೆ ಕಾಯುವವರಲ್ಲಿ ಒಬ್ಬರಿಗೂ ಕೆನಡಾದಲ್ಲಿ ಓಟಿಲ್ಲವಲ್ಲ ಎಂದರೆ, "ನಿಂಗೆ ರಾಜಕೀಯ ಗೊತ್ತಾಗಲ್ಲ, ಸುಮ್ನಿರು" ಎಂದರು.

ಭಾವನಿಗೆ ರಾಜಕೀಯ ಗೊತ್ತು, ಯಾಕೆಂದರೆ ಅಕ್ಕ ಪಂಚಾಯ್ತಿ ಮೆಂಬರು. ಮಹಿಳಾ ಮೀಸಲು ಬಂದಾಗ ಭಾವ ಅವಳನ್ನು ನಿಲ್ಲಿಸಿದರು. ಗೆದ್ದಳು. ಹಾರ ಭಾವನ ಕೊರಳಿಗೆ ಬಿತ್ತು. ಅಂದಿನಿಂದ ಸಭೆಗೆ ಹೋಗುವುದು ಭಾವ, ಊರವರ ಬಾಯಲ್ಲಿ ಮೆಂಬರು ಎಂದರೂ ಭಾವನೇ. ಅಕ್ಕ ಅಡುಗೆಮನೆಯಲ್ಲಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿಕೊಡುತ್ತಾಳೆ. ನನಗೆ ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಅಕ್ಕ ಜಗಳಕ್ಕೆ ನಿಲ್ಲುವವಳಲ್ಲ. ಮಗಳು ನಿಂತಾಗ ನನ್ನ ಹತ್ತಿರ ಇಷ್ಟೇ ಅಂದಳು: "ಅವ್ಳಾದ್ರೂ ಗೆದ್ದು ಕುರ್ಚಿ ಮೇಲೆ ತಾನೇ ಕೂರ್ಲಿ ಕಣೋ. ಅದನ್ನ ನಾನು ನೋಡ್ಬೇಕು."

ಭಾವ ದಿನಾ ಫೋನು ಮಾಡಿ ಎದುರಾಳಿಗಳ ಜಾತಿ ವಿಚಾರಿಸುತ್ತಿದ್ದರು. ಒಬ್ಬಾಕೆ ಹಾಕಿ ಆಟ ಕಲಿಸುವವಳು, ಇನ್ನೊಬ್ಬ ಆಲೂಗಡ್ಡೆ ಬೆಳೆಗಾರ, ಅದಕ್ಕಿಂತ ಹೆಚ್ಚು ತನಗೆ ಗೊತ್ತಿಲ್ಲ ಎಂದು ಮಗಳು ನಕ್ಕಳು. "ಆಲೂಗಡ್ಡೆಯವ್ನು ಲೆಕ್ಕಕ್ಕಿಲ್ಲ ಬಿಡು" ಎಂದರು ಭಾವ, ತೆಂಗಿನ ತೋಟದವರ ಗತ್ತಿನಲ್ಲಿ.

ಅಲ್ಲಿ ಓಟು ಮುಗಿದ ಕೂಡಲೇ ಎಣಿಸಿಬಿಡುತ್ತಾರೆ. ನಮಗಾಗ ಬೆಳಗಿನ ತಿಂಡಿಯ ಹೊತ್ತು. "ಬಾಜಿ ಕಟ್ಟೋಕೂ ಟೈಮ್ ಕೊಡಲ್ವಲ್ಲ, ಇದೆಂಥ ಎಲೆಕ್ಷನ್ನು" ಎಂದು ಭಾವ ಗೊಣಗಿದರು. ಉಪ್ಪಿಟ್ಟು ಆರುವುದರೊಳಗೆ ಆಲೂಗಡ್ಡೆಯವನು ಗೆದ್ದಿದ್ದ. ನಮ್ಮ ಹುಡುಗಿ ಎರಡನೆಯವಳು. ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಯಾರೋ ವಿಡಿಯೋ ಕಾಲ್ ಮಾಡಿದರು. ಹುಡುಗಿ ಮೈಕಿನ ಮುಂದೆ ನಿಂತು ಗೆದ್ದವನಿಗೆ ಅಭಿನಂದನೆ ಹೇಳುತ್ತಿದ್ದಳು. ಅತ್ತಿದ್ದ ಹಾಗೆ ಕಂಡರೂ ದನಿ ಗಟ್ಟಿಯಾಗಿತ್ತು. ಅಳಿಯ ಹಿಂದಿನ ಸಾಲಿನಲ್ಲಿ ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಅಳಿಯಂದ್ರು ಮಾತಾಡ್ಬೇಕಿತ್ತು. ಗಂಡಸಿರುವಾಗ ಇವಳ್ಯಾಕೆ?" ಎಂದರು ಭಾವ.

"ಸೋತಿರೋದು ಅವ್ಳು. ಅವ್ಳೇ ಮಾತಾಡ್ಲಿ" ಎಂದಳು ಅಕ್ಕ. ಭಾವನ ಮಾತಿಗೆ ಅವಳು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಚಟ್ನಿ ಬೇಕೆಂದರು. ಯಾರೂ ಏಳಲಿಲ್ಲ.

ಅಷ್ಟರಲ್ಲಿ ಮೇಲಿನ ಬೀದಿಯವನೊಬ್ಬ ಬಂದು ಬಾಗಿಲಲ್ಲಿ ಕೂಗಿದ. "ಮೆಂಬ್ರೇ, ನಮ್ ಬೀದಿ ನಲ್ಲೀಲಿ ನೀರೇ ಬತ್ತಿಲ್ಲ. ಪೈಪು ಒಡೆದೈತೆ."

ಭಾವ ಕೈ ತೊಳೆದು ಟವೆಲು ಹುಡುಕುವಷ್ಟರಲ್ಲಿ ಅಕ್ಕ ಹೊಸ್ತಿಲಿಗೆ ಹೋಗಿದ್ದಳು. ಅವನು ಅವಳ ಭುಜದ ಮೇಲಿಂದ ಒಳಗೆ ಇಣುಕಿದ.

"ಅಕ್ಕಾ, ಮೆಂಬ್ರು ಇಲ್ವಾ?"

"ಇದೀನಲ್ಲ," ಎಂದಳು ಅಕ್ಕ. "ಎಲ್ಲಿ ಒಡೆದಿರೋದು? ನಡಿ, ತೋರ್ಸು."